ಉಪ್ಪು ತಿಂದವರು ಯಾರು, ನೀರು ಕುಡಿದವರು ಯಾರು?



'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತಾನು ಮಾಡಿದುದರ ಫಲವನ್ನು ತಾನೇ ಉಣ್ಣಬೇಕೆಂಬ ನ್ಯಾಯವು ಅದರಲ್ಲಿ ಅಡಗಿದೆ. ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನನ್ನ ಮೂವತ್ತು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ಎಷ್ಟು ಮಕ್ಕಳಿಗೆ ಹೇಳಿರುವೆನೋ ಲೆಕ್ಕವಿಲ್ಲ. ಆದರೆ ಉಪ್ಪನ್ನು ಒಬ್ಬರು ತಿಂದು, ನೀರನ್ನು ಇನ್ನೊಬ್ಬರು ಕುಡಿಯಬೇಕಾಗಿ ಬರುವ ಸಂದರ್ಭವೂ ಉಂಟು ಎಂಬುದನ್ನು ನನಗೆ ಕಲಿಸಿದುದು ಪುಸ್ತಕವಲ್ಲ. ನಮ್ಮ ಬೆಟ್ಟಗಳ ಕೆಳಗೆ ಹರಿಯುವ ಒಂದು ಚಿಕ್ಕ ನದಿ ಮತ್ತು ನನ್ನ ಒಬ್ಬ ಹಳೆಯ ವಿದ್ಯಾರ್ಥಿ.

ನಮ್ಮ ತಾಳವಾಡಿ ಸೀಮೆಯ ಓದುಗರಿಗೆ ತಿರುಪ್ಪೂರನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿದು, ಸತ್ಯಮಂಗಲ, ಪುಳಿಯಂಪಟ್ಟಿ, ಅವಿನಾಶಿಗಳ ಮೇಲೆ ಹೋದರೆ ಸಿಗುವ ಆ ಊರಿನ ಬನಿಯನ್ ಕಾರ್ಖಾನೆಗಳು ನಮ್ಮ ಎಷ್ಟೋ ಮನೆಗಳ ಒಲೆಯನ್ನು ಉರಿಸುತ್ತಿವೆ. ಬಟ್ಟೆಯ ಕೆಲಸವು ನಮ್ಮವರಿಗೆ ಹೊಸದೂ ಅಲ್ಲ. ಕೊಯಮತ್ತೂರು, ಈರೋಡು, ಸೇಲಂ ಪ್ರದೇಶಗಳಲ್ಲಿ ಮನೆಯೊಳಗೆ ಕನ್ನಡವಾಡುತ್ತ ಮಗ್ಗದ ಮುಂದೆ ಕುಳಿತು ಬಂದ ದೇವಾಂಗ ಬಂಧುಗಳು ತಲೆಮಾರುಗಳಿಂದ ಇದ್ದಾರೆ. ಆದುದರಿಂದ ಬಣ್ಣದ ಕೊಪ್ಪರಿಗೆಯಿಂದ ಹೊರಬೀಳುವ ನೀರಿನ ವಿಚಾರವು ಪರರ ಮನೆಯ ವಿಚಾರವೆಂದು ನಾವು ಭಾವಿಸುವಂತಿಲ್ಲ.

ಮೊದಲು ನದಿಯ ಮಾತನ್ನು ಹೇಳುತ್ತೇನೆ. ನೊಯ್ಯಲ್ ದೊಡ್ಡ ನದಿಯೇನೂ ಅಲ್ಲ. ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳ ಮಗ್ಗುಲಲ್ಲಿ ಹರಿದು, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಕೊಡಗಿನಲ್ಲಿ ಹುಟ್ಟಿ ನಮ್ಮ ನಾಡನ್ನೆಲ್ಲ ತಣಿಸಿ ಬಂದ ಅದೇ ಕಾವೇರಿ. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವ ಈ ನದಿಗೆ, ತಿರುಪ್ಪೂರಿನ ಕೆಳಭಾಗದಲ್ಲಿ, ಚೆನ್ನಿಮಲೈಗೆ ಸಮೀಪದ ಒರತ್ತುಪಾಳೆಯಂ ಎಂಬಲ್ಲಿ ಒಂದು ಅಣೆಕಟ್ಟನ್ನು ಕಟ್ಟಿ 1992ರಲ್ಲಿ ಬಳಕೆಗೆ ತೆರೆದರು. ಸುಮಾರು ಹತ್ತು ಸಾವಿರ ಎಕರೆ ಭೂಮಿಗೆ ನೀರುಣಿಸಬೇಕೆಂಬುದು ಅದರ ಉದ್ದೇಶವಾಗಿತ್ತು.

ಅದೇ ಕಾಲದಲ್ಲಿ ತಿರುಪ್ಪೂರು ಬೆಳೆಯುತ್ತಿತ್ತು. ಮೊದಲು ಬಿಳಿಯ ಬನಿಯನ್‌ಗಳಿಗೆ ಹೆಸರಾಗಿದ್ದ ಆ ಊರು 1980ರ ದಶಕದ ನಡುವಿನಿಂದ ಬಣ್ಣದ ಹೆಣಿಗೆ ಉಡುಪುಗಳನ್ನು ವಿದೇಶಗಳಿಗೆ ಕಳುಹಿಸತೊಡಗಿತು. ಬಣ್ಣಗಾರಿಕೆಯ ಘಟಕಗಳು ನೂರಾರು ಎದ್ದವು. ಅವುಗಳ ನೀರು ನದಿಗೆ ಬಿತ್ತು. ಅಣೆಕಟ್ಟಿನಲ್ಲಿ ನಿಂತುದು ಮಳೆಯ ನೀರಿಗಿಂತ ಹೆಚ್ಚಾಗಿ ಆ ಬಣ್ಣದ ನೀರೇ. ಬೆಳೆಗೆಂದು ಕಟ್ಟಿದ ಅಣೆ ಮಾಲಿನ್ಯದ ತೊಟ್ಟಿಯಾಯಿತು. ಆ ನೀರನ್ನು ಹರಿಸಿದ ಹೊಲಗಳು ಕೆಟ್ಟವು; ಹರಿಸದಿದ್ದ ಹೊಲಗಳ ಬಾವಿಗಳಿಗೂ ಅದು ನೆಲದೊಳಗಿನಿಂದಲೇ ಇಳಿದು ಬಂದಿತು. ಕೊನೆಗೆ ನಮಗೆ ಈ ನೀರನ್ನು ಬಿಡಲೇಬೇಡಿರಿ ಎಂದು ರೈತರೇ ಬೇಡಿಕೊಳ್ಳುವಂತಾಯಿತು. ನೀರಿಗಾಗಿ ಜಗಳವಾಡುವ ಈ ದೇಶದಲ್ಲಿ ನೀರು ಬೇಡವೆಂದು ರೈತನು ನ್ಯಾಯಾಲಯದ ಮೆಟ್ಟಿಲೇರಿದುದು ಅಪೂರ್ವ ಸಂಗತಿಯೇ ಸರಿ.

ಈ ಅನರ್ಥಕ್ಕೆ ಬಣ್ಣವೇ ಕಾರಣವೆಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಕೆಂಪು, ನೀಲಿ, ಕಪ್ಪು ಬಣ್ಣದಲ್ಲಿ ಹರಿಯುವ ನದಿಯನ್ನು ಕಂಡವರು ಬೇರೆ ಏನನ್ನು ತಾನೆ ಹೇಳಿಯಾರು? ನಾನೂ ಹಾಗೆಯೇ ತಿಳಿದಿದ್ದೆ. ಆದರೆ ನಿಜವಾದ ಅಪರಾಧಿ ಕಣ್ಣಿಗೆ ಕಾಣದವನು. ಅವನೇ ಉಪ್ಪು.

ಬಣ್ಣ ಹಾಕುವುದಕ್ಕೆ ಉಪ್ಪೇಕೆ ಎಂದು ನಮ್ಮ ಗೃಹಿಣಿಯರು ಕೇಳಬಹುದು. 1856ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಎಂಬ ಹದಿನೆಂಟು ವರ್ಷದ ಆಂಗ್ಲ ವಿದ್ಯಾರ್ಥಿಯು ಡಾಂಬರಿನ ಮೂಲದ ವಸ್ತುವಿನಿಂದ ನೇರಳೆ ಬಣ್ಣವನ್ನು ತಯಾರಿಸಿದಂದಿನಿಂದ ಕೃತಕ ಬಣ್ಣಗಳ ಯುಗ ಆರಂಭವಾಯಿತು. ಸರಿಯಾಗಿ ನೂರು ವರ್ಷಗಳ ಮೇಲೆ, 1956ರಲ್ಲಿ, ಹತ್ತಿಯ ನೂಲಿನೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುವ 'ರಿಯಾಕ್ಟಿವ್' ಬಣ್ಣಗಳು ಮಾರುಕಟ್ಟೆಗೆ ಬಂದವು. ಒಗೆದರೂ ಹೋಗದ ಉಜ್ವಲವಾದ ಬಣ್ಣ ಇಂದು ಬಡವನ ಮಗುವಿನ ಅಂಗಿಗೂ ದೊರೆತಿದ್ದರೆ ಅದು ಇವುಗಳ ಉಪಕಾರ. ಆದರೆ ಇವುಗಳಿಗೆ ಒಂದು ತೊಡಕು. ನೀರಿನಲ್ಲಿ ನೆನೆದ ಹತ್ತಿಯ ಎಳೆಯ ಮೇಲೆ ಋಣ ವಿದ್ಯುದಂಶವಿರುತ್ತದೆ. ಬಣ್ಣದ ಅಣುವಿನಲ್ಲಿಯೂ ಋಣಾಂಶವೇ. ಸಜಾತೀಯಗಳು ಒಂದನ್ನೊಂದು ದೂರ ತಳ್ಳುತ್ತವೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಒಂದೇ ಬೆಂಚಿನಲ್ಲಿ ಕೂರಲೊಪ್ಪದ ಇಬ್ಬರು ಜಗಳಗಂಟ ಹುಡುಗರ ನಡುವೆ ಸಾಧುವಾದ ಮೂರನೆಯವನನ್ನು ಕೂರಿಸುವಂತೆ, ಇಲ್ಲಿ ಉಪ್ಪನ್ನು ನಡುವೆ ತರಬೇಕಾಗುತ್ತದೆ. ಉಪ್ಪಿನ ಧನಾಂಶವು ಈ ವಿರೋಧವನ್ನು ಶಮನಗೊಳಿಸಿ ಬಣ್ಣವನ್ನು ನೂಲಿನತ್ತ ಸರಿಸುತ್ತದೆ. ಆ ಬಳಿಕ ವಾಷಿಂಗ್ ಸೋಡಾ ಹಾಕಿದಾಗ ಬಣ್ಣವು ನೂಲಿಗೆ ಬೆಸೆದುಕೊಳ್ಳುತ್ತದೆ.

ಗಾಢವಾದ ಬಣ್ಣಕ್ಕೆ ಒಂದು ಲೀಟರು ನೀರಿಗೆ 60 ಗ್ರಾಮಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಪ್ಪು ಬೇಕು. ಒಂದು ಕಿಲೋ ಬಟ್ಟೆಯನ್ನು ಎಂಟು ಲೀಟರು ನೀರಿನಲ್ಲಿ ಬಣ್ಣಕ್ಕೆ ಹಾಕಿದರೆಂದು ಇಟ್ಟುಕೊಳ್ಳೋಣ. ಎಂಟನ್ನು ಅರವತ್ತರಿಂದ ಗುಣಿಸಿದರೆ 480 ಗ್ರಾಂ. ಅಂದರೆ ಹತ್ತಿರ ಹತ್ತಿರ ಅರ್ಧ ಕಿಲೋ. ನೀವು ಧರಿಸಿರುವ ಕಡುನೀಲಿ ಬನಿಯನ್ ಇನ್ನೂರು ಗ್ರಾಂ ತೂಗಿದರೆ ಅದರ ಹಿಂದೆ ನೂರು ಗ್ರಾಮಿನಷ್ಟು ಉಪ್ಪು ಇದೆ! ಬಣ್ಣವಾದರೋ ನೂರಕ್ಕೆ ಅರವತ್ತರಿಂದ ಎಂಬತ್ತು ಪಾಲು ನೂಲನ್ನು ಸೇರಿ, ಉಳಿದುದು ತೊಳೆದು ಹೋಗುತ್ತದೆ. ಉಪ್ಪು ಮಾತ್ರ ಒಂದು ಹರಳೂ ಬಟ್ಟೆಯಲ್ಲಿ ಉಳಿಯುವುದಿಲ್ಲ. ತನ್ನ ಸಂಧಾನದ ಕೆಲಸವನ್ನು ಮುಗಿಸಿ ಅಷ್ಟೂ ನೀರಿನೊಡನೆ ಹೊರಗೆ ಬರುತ್ತದೆ.

ಇನ್ನೊಂದು ಲೆಕ್ಕವನ್ನೂ ಮಾಡಿನೋಡೋಣ. ತಿರುಪ್ಪೂರಿನ ಘಟಕಗಳು ದಿನಕ್ಕೆ ಎಂಟು ಕೋಟಿ ಲೀಟರಿಗೂ ಮೇಲೆ ನೀರನ್ನು ಹೊರಬಿಡುತ್ತಿದ್ದ ಕಾಲವಿತ್ತು. ಲೀಟರಿಗೆ ಐದೇ ಗ್ರಾಂ ಲವಣವೆಂದು ಹಿಡಿದರೂ ದಿನಕ್ಕೆ 400 ಟನ್ನು, ಹತ್ತು ಟನ್ನಿನ ನಲವತ್ತು ಲಾರಿಗಳು! ಪ್ರತಿದಿನವೂ ನಲವತ್ತು ಲಾರಿ ಉಪ್ಪನ್ನು ತಂದು ನದಿಗೆ ಸುರಿದರೆ ಯಾರಾದರೂ ಸುಮ್ಮನಿರುತ್ತಿದ್ದರೆ? ಆದರೆ ಕರಗಿ ಬಂದ ಉಪ್ಪನ್ನು ಯಾರೂ ಕಾಣಲಿಲ್ಲ.

ಮಣ್ಣಿಗೆ ಅದು ಮಾಡುವ ಹಾನಿಯನ್ನು ರೈತರು ಬಲ್ಲರು. ಉಪ್ಪಿನಲ್ಲಿರುವ ಸೋಡಿಯಂ ಅಂಶವು ಮಣ್ಣಿನ ಕಣಗಳನ್ನು ಹಿಡಿದಿಟ್ಟಿರುವ ಸುಣ್ಣದ ಅಂಶವನ್ನು ಹೊರದೂಡಿ ತಾನು ಅದರ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ. ಆಗ ಮಣ್ಣಿನ ಹದ ಕೆಡುತ್ತದೆ, ನೀರು ಇಂಗುವುದಿಲ್ಲ, ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಬೇರಿನ ಸುತ್ತ ಉಪ್ಪು ಹೆಚ್ಚಾದಾಗ ಗಿಡವು ನೀರಿನ ನಡುವೆಯೇ ನಿಂತು ಬಾಯಾರಿ ಸಾಯುತ್ತದೆ. ನಮ್ಮ ಹಿರಿಯರು ಸವುಳು ಭೂಮಿ ಎನ್ನುತ್ತಿದ್ದುದು ಇದನ್ನೇ.

ಹಾಗಾದರೆ ಸರಕಾರವೂ ಉದ್ಯಮಿಗಳೂ ಏನನ್ನೂ ಮಾಡಲಿಲ್ಲವೇ? ಮಾಡಿದರು. 1990ರ ದಶಕದ ಕೊನೆಯ ವೇಳೆಗೆ ಹಲವು ಘಟಕಗಳು ಕೂಡಿ ಸಾಮೂಹಿಕ ಶುದ್ಧೀಕರಣ ಕೇಂದ್ರಗಳನ್ನು ಕಟ್ಟಿಕೊಂಡವು. ಅಲ್ಲಿ ಸುಣ್ಣವನ್ನೂ ಫೆರಸ್ ಸಲ್ಫೇಟನ್ನೂ ಬೆರೆಸಿದಾಗ ಬಣ್ಣವು ಗಸಿಯಾಗಿ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತಿತ್ತು. ಆ ತಿಳಿನೀರನ್ನು ನದಿಗೆ ಬಿಟ್ಟರು. ನೋಡುವವರ ಕಣ್ಣಿಗೆ ತೃಪ್ತಿಯಾಯಿತು. ಕರಗಿದ ಉಪ್ಪು ಎಷ್ಟಿತ್ತೋ ಅಷ್ಟೂ ಆ ತಿಳಿನೀರಿನಲ್ಲಿಯೇ ಇದ್ದಿತು. ಕೊಟ್ಟ ಔಷಧಿಯು ರೋಗದ ಲಕ್ಷಣವನ್ನು ಮರೆಸಿತೇ ಹೊರತು ರೋಗವನ್ನು ಕಳೆಯಲಿಲ್ಲ.

2003ರಲ್ಲಿ ನೊಯ್ಯಲ್ ಅಚ್ಚುಕಟ್ಟಿನ ರೈತರ ಸಂಘವು ಮದರಾಸು ಉಚ್ಚ ನ್ಯಾಯಾಲಯಕ್ಕೆ ದೂರಿತ್ತಿತು. 2006ರ ಡಿಸೆಂಬರಿನಲ್ಲಿ ನ್ಯಾಯಾಲಯವು, ಒಂದು ತೊಟ್ಟು ಕೊಳೆನೀರೂ ಘಟಕದಿಂದ ಹೊರಕ್ಕೆ ಹೋಗಕೂಡದೆಂಬ ಗುರಿಗೆ ಗಡುವನ್ನು ವಿಧಿಸಿ, ಅಲ್ಲಿಯವರೆಗೆ ಹೊರಬಿಡುವ ನೀರಿಗೆ ಲೀಟರಿಗೆ 6 ಪೈಸೆಯಿಂದ ತೊಡಗಿ 10 ಪೈಸೆಯವರೆಗೆ ದಂಡವನ್ನು ಗೊತ್ತುಮಾಡಿತು. 2009ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೆಡಿಸಿದವನೇ ದಂಡ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ನಮ್ಮ ಗಾದೆಯನ್ನೇ ಕಾನೂನಿನ ಭಾಷೆಯಲ್ಲಿ ಹೇಳಿದಂತಾಯಿತು! ಆದರೂ ಕೊಳೆನೀರು ನಿಲ್ಲದಿರಲು, 2011ರ ಜನವರಿ 28ರಂದು ಉಚ್ಚ ನ್ಯಾಯಾಲಯವು ಬಣ್ಣಗಾರಿಕೆಯ ಘಟಕಗಳನ್ನೆಲ್ಲ ಮುಚ್ಚಿ ವಿದ್ಯುತ್ತನ್ನು ಕಡಿಯಬೇಕೆಂದು ಆಜ್ಞಾಪಿಸಿತು. ಏಳುನೂರಕ್ಕೂ ಹೆಚ್ಚು ಘಟಕಗಳು ಬಾಗಿಲು ಹಾಕಿದವು.

ಇಲ್ಲಿಂದ ಮುಂದಿನದು ನಮ್ಮ ಊರಿನ ಕಥೆ.

ಆ ಫೆಬ್ರವರಿಯಲ್ಲಿ ತಿರುಪ್ಪೂರಿಗೆ ಹೋಗಿದ್ದ ನಮ್ಮ ಹುಡುಗರು ಒಬ್ಬೊಬ್ಬರಾಗಿ ಹಿಂದಿರುಗಿದರು. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೂ ಒಬ್ಬ. ತಂದೆಯಿಲ್ಲದ ಹುಡುಗ, ಹತ್ತನೆಯ ತರಗತಿಯನ್ನು ಮುಗಿಸಿ ಬಣ್ಣದ ಕೊಪ್ಪರಿಗೆಯ ಕೆಲಸಕ್ಕೆ ಸೇರಿದ್ದ. ತಂಗಿಯ ಮದುವೆಗೆಂದು ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ರಾಗಿಯ ಹೊಲದಲ್ಲಿ, ಬಾಳೆಯ ತೋಟದಲ್ಲಿ ಸಿಕ್ಕಿದ ದಿನ ಕೂಲಿಗೆ ಹೋಗುತ್ತಿದ್ದ. ಸಿಗದ ದಿನ ಶಾಲೆಯ ಎದುರಿನ ಅರಳಿಯ ಕಟ್ಟೆಯಲ್ಲಿ ಕುಳಿತಿರುತ್ತಿದ್ದ.

ಆ ವರ್ಷದ ಮಳೆಗಾಲದಲ್ಲಿ ಒಬ್ಬ ದಲ್ಲಾಳಿಯು ನಮ್ಮ ಊರಿಗೆ ಬಂದನು. ಹಳ್ಳದ ಪಕ್ಕದಲ್ಲಿ ಮೂರು ಎಕರೆ ಭೂಮಿ ಬೇಕಾಗಿತ್ತು. ಬಣ್ಣ ಹಾಕುವ ಒಂದು ಚಿಕ್ಕ ಘಟಕ. ಹಳ್ಳಿಯ ಮೂವತ್ತು ಜನರಿಗೆ ಕೆಲಸ. ನೀರಿನ ವಿಷಯವನ್ನು ಕೇಳಿದಾಗ ಅವನು ಕೊಟ್ಟ ಉತ್ತರವು ಸೊಗಸಾಗಿತ್ತು: 'ಬಣ್ಣವನ್ನೆಲ್ಲ ತೆಗೆದು ಹಳ್ಳದ ನೀರಿಗಿಂತ ತಿಳಿಯಾದ ನೀರನ್ನು ಬಿಡುತ್ತೇವೆ. ಬೇಕಾದರೆ ಬಂದು ನೋಡಿರಿ.' ಊರ ಹಿರಿಯರು ಕಟ್ಟೆಯ ಮೇಲೆ ಸೇರಿ, ಆಗ ಸಹಾಯಕ ಉಪಾಧ್ಯಾಯನಾಗಿದ್ದ ನನ್ನನ್ನೂ ಕರೆಸಿ ಅಭಿಪ್ರಾಯ ಕೇಳಿದರು.

ನಾನು ಶಾಲೆಯ ವಿಜ್ಞಾನ ಪೆಟ್ಟಿಗೆಯನ್ನು ತರಿಸಿದೆನು. ಒಂದು ಚೊಂಬು ನೀರಿನಲ್ಲಿ ಒಂದು ಹಿಡಿ ಉಪ್ಪನ್ನು ಕದಡಿ ಅದಕ್ಕೆ ನಾಲ್ಕು ಹನಿ ನೀಲಿ ಶಾಯಿಯನ್ನು ಬಿಟ್ಟೆನು. ಆ ನೀರನ್ನು ಇದ್ದಿಲ ಪುಡಿಯ ಮೂಲಕ ಮತ್ತೆ ಮತ್ತೆ ಸೋಸಿದಾಗ ಬಣ್ಣ ಹೋಗಿ ತಿಳಿನೀರು ಬಂದಿತು. ಅದನ್ನು ಗೌಡರ ಕೈಗೆ ಕೊಟ್ಟು ರುಚಿ ನೋಡಿರೆಂದೆ. ಅವರು ಬಾಯಿಗೆ ಹಾಕಿದೊಡನೆ ಉಗುಳಿದರು. ಸಭೆ ನಕ್ಕಿತು. ನನಗೂ ಪಾಠವನ್ನು ಚೆನ್ನಾಗಿ ಮಾಡಿದೆನೆಂಬ ಹೆಮ್ಮೆಯಾಯಿತು.

ನಗದಿದ್ದವನು ಆ ಹುಡುಗನೊಬ್ಬನೇ. ಎದ್ದು ನಿಂತು ಹೇಳಿದ: 'ಮೇಷ್ಟ್ರೇ, ನೀವು ಹೇಳಿದ್ದು ನಿಜ. ಆದರೆ ನಿಮಗೆ ತಿಂಗಳ ಮೊದಲಿಗೆ ಸಂಬಳ ಬರುತ್ತದೆ. ನಾವು ಏನು ತಿನ್ನಬೇಕು ಎಂಬುದನ್ನೂ ಆ ಪೆಟ್ಟಿಗೆಯಿಂದ ತೆಗೆದು ತೋರಿಸಿ.'

ನನ್ನಲ್ಲಿ ಉತ್ತರವಿರಲಿಲ್ಲ. ಭೂಮಿಯ ವ್ಯವಹಾರವೇನೋ ಮುರಿಯಿತು. ಅದು ನನ್ನ ಪಾಠದಿಂದಲ್ಲ. ಭೂಮಿಯ ಒಡೆಯನು ಹೆಚ್ಚಿನ ಬೆಲೆ ಕೇಳಿದುದರಿಂದ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಹುಡುಗನು ಹಲವು ತಿಂಗಳು ನನ್ನ ಕಣ್ಣಿಗೆ ಬೀಳದೆ ತಿರುಗಿ, ಮರುವರ್ಷ ಮತ್ತೆ ಬೆಟ್ಟ ಇಳಿದು ಹೋದನು. ಅವನು ಕೇಳಿದ ಪ್ರಶ್ನೆ ಮಾತ್ರ ನನ್ನೊಡನೆ ಉಳಿಯಿತು.

ಕಳೆದ ಬೇಸಗೆಯ ರಜೆಗೆ ಮುಂಚೆ ಅವನೇ ಶಾಲೆಗೆ ಬಂದು, 'ನಾನು ಕೆಲಸ ಮಾಡುವ ಸ್ಥಳವನ್ನು ಒಮ್ಮೆ ನೋಡಬೇಕು, ಬನ್ನಿ ಮೇಷ್ಟ್ರೇ' ಎಂದು ಕರೆದನು. ಈಗ ಅವನ ಕೆಲಸ ಬಣ್ಣದ ಕೊಪ್ಪರಿಗೆಯಲ್ಲಿ ಅಲ್ಲ. ನೀರನ್ನು ಶುದ್ಧಮಾಡುವ ಸಾಮೂಹಿಕ ಕೇಂದ್ರವೊಂದರಲ್ಲಿ. 2011ರ ಬಳಿಕ ರಾಜ್ಯ ಸರಕಾರವು ಬಡ್ಡಿಯಿಲ್ಲದ ಸಾಲವನ್ನಿತ್ತು, ಅರುಳ್ಪುರಂ ಮೊದಲಾದ ಕಡೆಯ ಕೇಂದ್ರಗಳಲ್ಲಿ ಹೊಸ ವಿಧಾನಗಳು ಕೈಗೂಡಿದ ಮೇಲೆ, ಒಂದೊಂದಾಗಿ ಕೇಂದ್ರಗಳು ಚಾಲನೆಗೆ ಬಂದು ಅವುಗಳ ಹಿಂದೆ ಘಟಕಗಳೂ ತೆರೆದವು. ಅಲ್ಲಿ ನಾನು ಕಂಡುದನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ.

ಘಟಕಗಳಿಂದ ಕೊಳವೆಗಳಲ್ಲಿ ಬಂದ ನೀರೆಲ್ಲ ಮೊದಲು ಒಂದು ವಿಶಾಲವಾದ ತೊಟ್ಟಿಯಲ್ಲಿ ಬೆರೆಯುತ್ತದೆ. ಒಬ್ಬರ ಕೆಂಪು, ಇನ್ನೊಬ್ಬರ ಹಸಿರು, ಮತ್ತೊಬ್ಬರ ಕಪ್ಪು ಎಲ್ಲವೂ ಸೇರಿ ಒಂದೇ ಮಸಿಬಣ್ಣ. ಸೋಡಾದಿಂದ ಕ್ಷಾರವಾಗಿರುವ ಆ ನೀರನ್ನು ಆಮ್ಲದಿಂದ ಸಮಸ್ಥಿತಿಗೆ ತರುತ್ತಾರೆ. ಎರಡನೆಯದು ಸೂಕ್ಷ್ಮಜೀವಿಗಳ ತೊಟ್ಟಿ. ಕೆಳಗಿನಿಂದ ಗಾಳಿಯನ್ನು ಊದುತ್ತಿದ್ದರೆ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ನೀರಿನಲ್ಲಿರುವ ಗಂಜಿ, ಸಾಬೂನು, ಮತ್ತಿತರ ಕೊಳೆಯನ್ನು ತಿಂದು ಬದುಕುತ್ತವೆ. ನಮ್ಮ ಅಡುಗೆಮನೆಯ ಹಿಟ್ಟಿಗೆ ಹುಳಿ ಬರಿಸುವ ಜೀವಿಗಳ ದೂರದ ಬಂಧುಗಳೆಂದರೂ ಆದೀತು. ಅವುಗಳಿಗೆ ವಿರಾಮವಿಲ್ಲ, ಗಾಳಿ ನಿಂತರೆ ಸಾಯುತ್ತವೆ. ಆದುದರಿಂದ ರಾತ್ರಿಯೂ ಒಬ್ಬರು ಎಚ್ಚರವಿರಲೇಬೇಕು. ಬಳಿಕ ಉಳಿದ ಬಣ್ಣವನ್ನು ತೆಗೆದು, ಮರಳಿನ ಸೋಸುಗಗಳಲ್ಲಿ ಹಾಯಿಸುತ್ತಾರೆ.

ಹಿಂದಿನ ಕೇಂದ್ರಗಳು ಇಲ್ಲಿಗೇ ನಿಲ್ಲುತ್ತಿದ್ದವು. ಈಗಿನದರ ನಿಜವಾದ ಕೆಲಸ ಇಲ್ಲಿಂದ ಆರಂಭ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುತ್ತದೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಸವರಿದರೆ ನೀರು ಬಿಡುತ್ತದೆ. ಎರಡು ಕಡೆಯೂ ನೀರು ತೆಳುವಾದ ಪೊರೆಯನ್ನು ದಾಟಿ, ಕರಗಿದ ಅಂಶ ಹೆಚ್ಚಿರುವತ್ತ ಹೋಗುತ್ತದೆ. ಇದನ್ನು ಅಭಿಸರಣೆ ಎನ್ನುತ್ತಾರೆ. ಈ ಸಹಜ ನಡೆಯನ್ನು ಬಲವಾದ ಪಂಪುಗಳ ಒತ್ತಡದಿಂದ ಹಿಂದುಮುಂದು ಮಾಡಿದರೆ, ನೀರು ಪೊರೆಯನ್ನು ದಾಟಿ ಈಚೆಗೆ ಬಂದು ಉಪ್ಪು ಆಚೆಯೇ ಉಳಿಯುತ್ತದೆ. ಇಂದು ಪೇಟೆಯ ಮನೆಗಳಲ್ಲಿ ಕುಡಿಯುವ ನೀರಿಗೆ ಇಟ್ಟುಕೊಳ್ಳುವ 'ಆರ್.ಓ.' ಯಂತ್ರದ ತತ್ತ್ವವೂ ಇದೇ. ಇಲ್ಲಿ ಅದೇ ತತ್ತ್ವದ ಆಳೆತ್ತರದ ಕೊಳವೆಗಳು ಸಾಲುಸಾಲಾಗಿ ನಿಂತಿವೆ. ನೂರು ಲೀಟರಿನಲ್ಲಿ ಎಂಬತ್ತೈದು ಲೀಟರು, ಕೆಲವೊಮ್ಮೆ ಇನ್ನೂ ಹೆಚ್ಚು, ಶುದ್ಧವಾದ ನೀರಾಗಿ ಹೊರಬಂದು ಬಣ್ಣದ ಮನೆಗಳಿಗೇ ಹಿಂದಿರುಗುತ್ತದೆ.

ಉಳಿದುದು ದಟ್ಟವಾದ ಉಪ್ಪುನೀರು. ಅದನ್ನೇನು ಮಾಡುವುದು? ತಿರುಪ್ಪೂರಿನವರ ಜಾಣ್ಮೆ ಇಲ್ಲಿ ಮೆಚ್ಚತಕ್ಕುದು. ಬಣ್ಣದ ಕೊಪ್ಪರಿಗೆಗೆ ಬೇಕಾದುದೇ ಉಪ್ಪುನೀರು! ಅದನ್ನು ಇನ್ನಷ್ಟು ಶುದ್ಧಮಾಡಿ, ಮುಂದಿನ ಬಟ್ಟೆಗೆ ಉಪ್ಪಿನ ಬದಲು ಅದನ್ನೇ ಬಳಸುತ್ತಾರೆ. ಕೆಲವೆಡೆ ಅಡುಗೆಯುಪ್ಪಿಗೆ ಬದಲಾಗಿ ಸೋಡಿಯಂ ಸಲ್ಫೇಟನ್ನು ಬಳಸುವುದುಂಟು. ಈ ಲವಣ ಬೆಚ್ಚನೆಯ ನೀರಿನಲ್ಲಿ ಯಥೇಚ್ಛವಾಗಿ ಕರಗಿ, ತಣ್ಣಗಾದಾಗ ಹರಳುಗಟ್ಟಿ ಬೇರ್ಪಡುತ್ತದೆ. ಆದುದರಿಂದ ಉಪ್ಪುನೀರನ್ನು ತಂಪುಮಾಡಿದರೆ ಹರಳು ತಾನಾಗಿ ಕೈಗೆ ಬರುತ್ತದೆ. ಕಟ್ಟಕಡೆಗೆ ಉಳಿದುದನ್ನು ಬಾಷ್ಪೀಕರಣ ಯಂತ್ರಗಳಲ್ಲಿ ಕುದಿಸಿ ನೀರನ್ನು ಆವಿಯಾಗಿ ಹಿಡಿದುಕೊಳ್ಳುತ್ತಾರೆ.

ಹಿಂದಿರುಗುವಾಗ ಹುಡುಗನು ನನ್ನನ್ನು ತನ್ನ ಮೇಜಿನ ಬಳಿಗೆ ಕರೆದೊಯ್ದನು. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಒಂದು ಸಣ್ಣ ಉಪಕರಣ. ಒಳಬರುವ ನೀರು, ಹೊರಹೋಗುವ ನೀರು, ಎರಡರ ಅಂಕಿಗಳನ್ನೂ ಅಂದವಾದ ಅಕ್ಷರಗಳಲ್ಲಿ ಬರೆದಿಟ್ಟ ದಪ್ಪ ಪುಸ್ತಕ. 'ನೀವು ಅಂದು ಗೌಡರ ನಾಲಗೆಯಲ್ಲಿ ಅಳೆಸಿದಿರಿ, ನಾನು ಇದರಲ್ಲಿ ಅಳೆಯುತ್ತೇನೆ' ಎಂದು ನಕ್ಕನು. ಅವನ ತಂಗಿಯ ಮದುವೆಯ ಸಾಲ ತೀರಿದೆ. ಅಂದು ನಾನು ಕೊಡಲಾರದ ಉತ್ತರವನ್ನು ಅವನೇ ಕಂಡುಕೊಂಡಿದ್ದನು. ರೈತನ ಹೊಲ ಬೇಕೋ, ಕೂಲಿಯವನ ಅನ್ನ ಬೇಕೋ ಎಂದು ಪ್ರಶ್ನೆಯನ್ನು ಎರಡು ಮಾಡಿದುದೇ ನಮ್ಮ ತಪ್ಪು. ನೀರನ್ನು ಮರಳಿ ಬಳಸುವ ಕೆಲಸದಲ್ಲಿಯೂ ಅನ್ನವಿದೆ.

ಆದರೆ ಎಲ್ಲವೂ ಸರಿಹೋಯಿತೆಂದು ಹೇಳಿ ಲೇಖನವನ್ನು ಮುಗಿಸಿದರೆ ವಾಚಕರಿಗೆ ದ್ರೋಹ ಮಾಡಿದಂತಾಗುತ್ತದೆ. ಪಂಪುಗಳೂ ಬಾಷ್ಪೀಕರಣ ಯಂತ್ರಗಳೂ ಅಪಾರವಾದ ವಿದ್ಯುತ್ತನ್ನೂ ಉರುವಲನ್ನೂ ನುಂಗುತ್ತವೆ. ನೀರಿನ ಕೊಳೆಯನ್ನು ಕಳೆಯಲು ಹೊಗೆಯನ್ನು ಹೆಚ್ಚಿಸಿದಂತಾಗುತ್ತದೆ. ಬಳಕೆಗೆ ಬಾರದ ಮಿಶ್ರಲವಣವೂ ತೊಟ್ಟಿಗಳ ಗಸಿಯೂ ಕೊನೆಗೆ ಉಳಿದೇ ಉಳಿಯುತ್ತವೆ. ಅವನ್ನು ಮಳೆ ತಾಗದಂತೆ ಕೂಡಿಡಬೇಕು. ಗಸಿಯನ್ನು ಸಿಮೆಂಟು ಕುಲುಮೆಗಳಲ್ಲಿ ಸುಡುವುದೂ ಉಂಟು. ಖರ್ಚಿಗೆ ಅಂಜಿ, ಮಳೆ ಸುರಿಯುವ ರಾತ್ರಿಗಳಲ್ಲಿ ಕದ್ದು ನೀರು ಬಿಡುವವರೂ ಇಲ್ಲದಿಲ್ಲ. ತಿರುಪ್ಪೂರಿನಲ್ಲಿ ಬಿಗಿಯಾದೊಡನೆ, ಕಾವಲು ಸಡಿಲವಾದ ಬೇರೆ ಜಿಲ್ಲೆಗಳನ್ನು ಹುಡುಕಿಕೊಂಡು ಹೋದವರಿದ್ದರು. ನಮ್ಮ ಊರಿಗೆ ಬಂದ ದಲ್ಲಾಳಿಯು ಅಂಥವರ ದೂತನೇ ಇರಬೇಕು. ಒರತ್ತುಪಾಳೆಯಂ ಅಣೆಯನ್ನು ನಾನು ಈ ಸಲ ನೋಡಿದೆನು. ಅದನ್ನು ಬರಿದುಮಾಡಿ ನೀರು ನಿಲ್ಲಿಸದೆ ಬಿಡಬೇಕಾಗಿ ಬಂದ ಮೇಲೆ ಕಟ್ಟಿದ ಉದ್ದೇಶವೇ ಅದಕ್ಕೆ ಉಳಿಯಲಿಲ್ಲ. ಸಮೀಪದ ತೋಟದ ವೃದ್ಧರೊಬ್ಬರು, 'ನದಿ ತಿಳಿಯಾಗಬಹುದು. ಮಣ್ಣು ಮರೆಯುವುದಕ್ಕೆ ಬಹಳ ಕಾಲ ಬೇಕು' ಎಂದರು. ಕೆಡಿಸುವುದಕ್ಕೆ ಹತ್ತು ವರ್ಷ ಸಾಕು. ಸರಿಪಡಿಸುವುದಕ್ಕೆ ಒಂದು ತಲೆಮಾರು ಬೇಕಾಗುತ್ತದೆ.

ರೋಗ ಬಂದ ಮೇಲೆ ಮದ್ದು ಮಾಡುವುದಕ್ಕಿಂತ ಪಥ್ಯವೇ ಮೇಲಲ್ಲವೇ? ಕಡಿಮೆ ನೀರಿನಲ್ಲಿ ಬಣ್ಣ ಹಾಕುವ ಯಂತ್ರಗಳು, ನೂಲನ್ನು ಬಿಗಿಯಾಗಿ ಹಿಡಿದು ಕಡಿಮೆ ಉಪ್ಪನ್ನು ಬೇಡುವ ಬಣ್ಣಗಳು ಈಗ ಇವೆ. ಬಟ್ಟೆಯನ್ನು ಬಣ್ಣ ಮತ್ತು ಕ್ಷಾರದಲ್ಲಿ ಅದ್ದಿ ಹಿಂಡಿ, ಸುತ್ತಿ ಹಲವು ಗಂಟೆಗಳ ಕಾಲ ತಣ್ಣಗೆ ಇಡುವ ವಿಧಾನದಲ್ಲಿ ಉಪ್ಪೇ ಬೇಕಾಗಿಲ್ಲ. ಇವುಗಳಿಗೆ ಖರ್ಚು ತಗಲುತ್ತದೆ. ಆ ಖರ್ಚನ್ನು ಕೊಡಬೇಕಾದವರು ಬಟ್ಟೆ ತೊಡುವ ನಾವು. ಎಲ್ಲಿ ಅಗ್ಗವೋ ಅಲ್ಲಿಗೆ ಓಡುವ ದೂರದೇಶದ ವ್ಯಾಪಾರಿಯೂ ಸಂತೆಯಲ್ಲಿ ಐದು ರೂಪಾಯಿಗೆ ಚೌಕಾಸಿ ಮಾಡುವ ನಾನೂ ಈ ವಿಷಯದಲ್ಲಿ ಒಂದೇ. ಅಗ್ಗವಾಗಿ ಕೊಂಡ ಬನಿಯನ್ನಿನ ಉಳಿದ ಬೆಲೆಯನ್ನು ಯಾರೋ ಒಬ್ಬ ರೈತನು ತನ್ನ ಬಾವಿಯಿಂದ ತೆತ್ತಿರುತ್ತಾನೆ.

ಗಡಿನಾಡಿನ ನಮ್ಮ ಹಳ್ಳಿಗಳಲ್ಲಿ ಭೂಮಿ ಅಗ್ಗ, ಹಳ್ಳಗಳು ತಿಳಿ, ಹುಡುಗರಿಗೆ ಕೆಲಸವಿಲ್ಲ. ಆದುದರಿಂದ ದಲ್ಲಾಳಿಗಳು ಮತ್ತೆಯೂ ಬರುವರು. ಬಂದಾಗ ಬಾಗಿಲು ಹಾಕಬೇಡಿರಿ, ಬೈಯಬೇಡಿರಿ. ಮೂರು ಪ್ರಶ್ನೆಗಳನ್ನು ಕೇಳಿರಿ. ಬಣ್ಣ ಎಲ್ಲಿಗೆ ಹೋಗುತ್ತದೆಂದು ಕೇಳಬೇಡಿರಿ. ಉಪ್ಪು ಎಲ್ಲಿಗೆ ಹೋಗುತ್ತದೆಂದು ಕೇಳಿರಿ. ತಳದಲ್ಲಿ ಉಳಿಯುವ ಗಸಿಯನ್ನು ಎಲ್ಲಿ ಇಡುವಿರೆಂದು ಕೇಳಿರಿ. ರಾತ್ರಿಯ ವೇಳೆ ಅಳೆಯುವವರು ಯಾರು, ಆ ಅಂಕಿಯ ಪುಸ್ತಕವನ್ನು ಊರಿನವರು ನೋಡಬಹುದೇ ಎಂದು ಕೇಳಿರಿ. ಈ ಮೂರಕ್ಕೂ ಸರಿಯಾದ ಉತ್ತರ ಬಂದರೆ ನಮ್ಮ ಮಕ್ಕಳು ಅಲ್ಲಿ ದುಡಿಯಲಿ. ಬಾರದಿದ್ದರೆ, ಎಷ್ಟೇ ತಿಳಿಯಾದ ನೀರನ್ನು ತೋರಿಸಿದರೂ ಒಂದು ಗುಟುಕನ್ನು ಅವರೇ ಮೊದಲು ಕುಡಿಯಲಿ ಎನ್ನಿರಿ.

ಶಾಲೆ ತೆರೆದ ವಾರ ಹುಡುಗನು ಎರಡು ಗಾಜಿನ ಶೀಷೆಗಳನ್ನು ಕಳುಹಿಸಿಕೊಟ್ಟನು. ಒಂದರಲ್ಲಿ ಮಸಿಯಂಥ ಬಣ್ಣದ ನೀರು. ಇನ್ನೊಂದರಲ್ಲಿ ಅದರಿಂದಲೇ ಮರಳಿ ಪಡೆದ ಬಿಳಿಯ ಹರಳುಗಳು. ಅವು ನಮ್ಮ ವಿಜ್ಞಾನ ಪೆಟ್ಟಿಗೆಯಲ್ಲಿವೆ. ದ್ರಾವಣದ ಪಾಠ ಬಂದಾಗ ಮಕ್ಕಳಿಗೆ ತೋರಿಸಿ ಒಂದು ಮಾತನ್ನು ಹೇಳುತ್ತೇನೆ: ಕರಗಿದುದು ಕಾಣದಾಗುತ್ತದೆ, ಇಲ್ಲವಾಗುವುದಿಲ್ಲ.